ಹಿಂದಿನ ಸಾಲಿನಿಂದ ಕಂಡ ಮುಖಗಳು

ಜಾಝ್ ಸಂಗೀತದ ಹಳೆಯ ಛಾಯಾಚಿತ್ರಗಳಲ್ಲಿ ಮುಂದುಗಡೆ, ಬೆಳಕಿನಲ್ಲಿ, ಟ್ರಂಪೆಟ್ಟಿನವನು ಕೆನ್ನೆಯುಬ್ಬಿಸಿ ನಿಂತಿರುತ್ತಾನೆ. ಅವನ ಪಕ್ಕದಲ್ಲಿ, ಕದ್ರಿ ಗೋಪಾಲನಾಥರ ದೆಸೆಯಿಂದ ನಮ್ಮವರಿಗೂ ಆಪ್ತವಾದ ಸ್ಯಾಕ್ಸೊಫೋನು. ಹಿಂದೆ ಎಲ್ಲೋ ಅರೆಗತ್ತಲಲ್ಲಿ, ತನಗಿಂತ ಎತ್ತರದ ಪಿಟೀಲೊಂದನ್ನು ತಬ್ಬಿ ಹಿಡಿದಂತೆ ಒಬ್ಬ ನಿಂತಿರುತ್ತಾನೆ. ಆ ವಾದ್ಯ ಡಬಲ್ ಬೇಸ್. ಬೆರಳಿನಿಂದ ತಂತಿ ಮೀಟಿ ಆತ ಹೊರಡಿಸುವ ಗುಂಯ್‌ಗುಡುವ ನಾದವನ್ನು ಸಭಿಕರು ಗಮನಿಸುವುದೇ ಕಡಿಮೆ. ಅದು ನಿಂತುಹೋದರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ. ನಮ್ಮ ಕಛೇರಿಗಳ ತಂಬೂರಿ ಮತ್ತು ಮೃದಂಗ ಎರಡರ ಕೆಲಸವೂ ಅವನ ಹೆಗಲ ಮೇಲಿರುತ್ತದೆ ಎಂದರೆ ಸುಮಾರಾಗಿ ಸರಿಹೋದೀತು.

ಹೀಗೆ ಹಿಂದೆ ನಿಂತವನಿಗೆ ಒಂದು ಅನುಕೂಲವಿದೆ. ಮುಂದಿನವರ ಬೆನ್ನು, ಭುಜ, ಉಸಿರು ತೆಗೆದುಕೊಳ್ಳುವ ರೀತಿ, ತಪ್ಪು ಸ್ವರ ಬಂದಾಗ ಬಿಗಿಯಾಗುವ ಕುತ್ತಿಗೆ, ಎಲ್ಲವೂ ಅವನಿಗೆ ಕಾಣಿಸುತ್ತವೆ. ಅಮೆರಿಕದ ಮಿಲ್ಟ್ ಹಿಂಟನ್ ಸುಮಾರು ಎಪ್ಪತ್ತು ವರ್ಷ ಹಾಗೆ ನಿಂತು ನೋಡಿದವನು. ನೋಡಿದ್ದನ್ನು ಮರೆಯದವನು. ಡೇವಿಡ್ ಬರ್ಗರ್ ಎಂಬ ತನ್ನ ಶಿಷ್ಯನ ಜೊತೆ ಸೇರಿ 1988ರಲ್ಲಿ ಆತ ಪ್ರಕಟಿಸಿದ 'ಬೇಸ್ ಲೈನ್' ಎಂಬ ಪುಸ್ತಕದಲ್ಲಿ ಸಹವಾದಕರ ನೆನಪುಗಳೇ ತುಂಬಿವೆ. ಜೊತೆಗಾರರೆಲ್ಲ ಆತನನ್ನು 'ಜಡ್ಜ್' ಎಂದು ಕರೆಯುತ್ತಿದ್ದರು. ಆದರೆ ಈ ನ್ಯಾಯಾಧೀಶ ಯಾರಿಗೂ ಶಿಕ್ಷೆ ಕೊಟ್ಟ ಹಾಗಿಲ್ಲ. ಯಾರು ಎಷ್ಟು ಹೆಸರು ಮಾಡಿದರು ಎಂಬ ಲೆಕ್ಕಕ್ಕೆ ಆತ ಹೋಗುವುದಿಲ್ಲ. ಅವರ ಜೊತೆಯಲ್ಲಿ ನಿಂತು ನುಡಿಸುವುದು ಹೇಗಿತ್ತು, ಅವರಿಂದ ಕಲಿತದ್ದೇನು, ಊಟ ವಸತಿಗೆ ಪರದಾಡಿದ ರಾತ್ರಿಗಳಲ್ಲಿ ಅವರು ಎಂಥ ಮನುಷ್ಯರಾಗಿದ್ದರು ಎಂಬುದೇ ಆತನಿಗೆ ಮುಖ್ಯ.

ಹಿಂಟನ್ ಹುಟ್ಟಿದ್ದು 1910ರಲ್ಲಿ, ಮಿಸಿಸಿಪಿ ರಾಜ್ಯದ ವಿಕ್ಸ್‌ಬರ್ಗ್‌ನಲ್ಲಿ. ಕರಿಯ ಮನುಷ್ಯನೊಬ್ಬನನ್ನು ಗುಂಪೊಂದು ಮರಕ್ಕೆ ನೇತುಹಾಕಿ ಕೊಂದದ್ದನ್ನು ಬಾಲಕನಾಗಿದ್ದಾಗ ಕಣ್ಣಾರೆ ಕಂಡವನು. ಆಮೇಲೆ ಕುಟುಂಬ ಉತ್ತರದ ಶಿಕಾಗೊ ಸೇರಿತು. ತಾಯಿಗೆ ಪಿಯಾನೊ ಗೊತ್ತಿತ್ತು. ಮಗನ ಹದಿಮೂರನೆಯ ಹುಟ್ಟುಹಬ್ಬಕ್ಕೆ ಆಕೆ ಕೊಟ್ಟದ್ದು ಪಿಟೀಲು. ವೆಂಡಮ್ ಎಂಬ ಚಿತ್ರಮಂದಿರದಲ್ಲಿ ಮೂಕಿಚಿತ್ರಗಳಿಗೆ ವಾದ್ಯವೃಂದ ನುಡಿಸುತ್ತಿದ್ದ ಕಾಲ ಅದು. ಅಲ್ಲಿ ಯುವಕ ಲೂಯಿ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಊದುವುದನ್ನು ಹುಡುಗ ಕುಳಿತು ಕೇಳಿದ. ತಾನೂ ಮುಂದೊಂದು ದಿನ ಇಂಥ ವೃಂದದಲ್ಲಿ ಪಿಟೀಲು ನುಡಿಸುತ್ತೇನೆ ಎಂದುಕೊಂಡ.

ಆದರೆ 1927ರಲ್ಲಿ ಮಾತನಾಡುವ ಸಿನಿಮಾ ಬಂತು. ಒಂದೆರಡು ವರ್ಷಗಳಲ್ಲಿ ಚಿತ್ರಮಂದಿರಗಳ ವಾದ್ಯವೃಂದಗಳು ಒಂದೊಂದಾಗಿ ಮುಚ್ಚಿದವು. ಕರಿಯ ಪಿಟೀಲುಗಾರನಿಗೆ ಸಿಂಫನಿ ವೃಂದಗಳ ಬಾಗಿಲು ಮೊದಲೇ ತೆರೆದಿರಲಿಲ್ಲ. ಉಳಿದಿದ್ದ ಒಂದು ದಾರಿಯೂ ಹೀಗೆ ಕಟ್ಟಿಹೋಯಿತು. ಶಾಲೆಯಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್ ಕಲಿತ ಗೆಳೆಯರಿಗೆ ರಾತ್ರಿ ಕ್ಲಬ್ಬುಗಳಲ್ಲಿ ಕೈತುಂಬ ಕೆಲಸವಿತ್ತು. ಅವರು ಬೆಳಗಿನ ಜಾವ ಮನೆಗೆ ಮರಳುವ ಹೊತ್ತಿಗೆ ಹಿಂಟನ್ ಪತ್ರಿಕೆ ಹಾಕುತ್ತಿದ್ದ. ನಾಚಿಕೆಯಾಗುತ್ತಿತ್ತು ಎಂದು ಆತನೇ ಹೇಳಿಕೊಂಡಿದ್ದಾನೆ. ವರ್ಷಗಟ್ಟಲೆ ಸಾಧನೆ ಮಾಡಿದ ವಾದ್ಯವನ್ನು ಪಕ್ಕಕ್ಕಿಟ್ಟು, ಕೇಳುವವರಿರುವ ವಾದ್ಯ ಯಾವುದೆಂದು ಹುಡುಕಿ, ಬೇಸ್ ಹಿಡಿದ. ಪಿಟೀಲಿನ ಶಿಕ್ಷಣ ಮಾತ್ರ ವ್ಯರ್ಥವಾಗಲಿಲ್ಲ. ಬಿಲ್ಲು ಹಿಡಿದು ಶುದ್ಧ ಶ್ರುತಿಯಲ್ಲಿ ನುಡಿಸಬಲ್ಲ, ಬರೆದದ್ದನ್ನು ನೋಡಿದೊಡನೆ ಓದಬಲ್ಲ ಬೇಸ್ ವಾದಕರು ಆಗ ವಿರಳ.

ಆ ದಿನಗಳಲ್ಲೇ ಆ ಕೈಯ ಒಂದು ಬೆರಳು ಹೋಗುವುದರಲ್ಲಿತ್ತು. ಮದ್ಯ ನಿಷೇಧದ ಕಾಲದ ಶಿಕಾಗೊದಲ್ಲಿ ಗುಟ್ಟಾಗಿ ಹೆಂಡ ಸಾಗಿಸುವ ಕೆಲಸಕ್ಕೆ ಸೇರಿ, ಕಾರು ಅಪಘಾತಕ್ಕೆ ಸಿಕ್ಕಿ, ಬೆರಳು ನೇತಾಡುವ ಸ್ಥಿತಿಗೆ ಬಂದಿತ್ತಂತೆ. ಕತ್ತರಿಸಿ ತೆಗೆಯಬೇಕು ಎಂದರು ವೈದ್ಯರು. ಕೂಡದು, ಉಳಿಸಿ ಎಂದು ಅಪ್ಪಣೆ ಮಾಡಿದವನು ಬೇರಾರೂ ಅಲ್ಲ, ಕುಖ್ಯಾತ ಅಲ್ ಕಪೋನ್! ಇದು ಹಿಂಟನ್ ಹೇಳಿದ ಕತೆ. ಎಷ್ಟು ಸಲ ಹೇಳಿದರೂ ಅದನ್ನು ಆತ ನಗುತ್ತಲೇ ಹೇಳುತ್ತಿದ್ದ.

ಸಹವಾದಕರಲ್ಲಿ ಹಿಂಟನ್ ಮೊದಲು ನೆನೆಯುವುದು ಎಡ್ಡಿ ಸೌತ್‌ನನ್ನು. ಪಿಟೀಲುಗಾರ, ಕರಿಯ, ಯುರೋಪಿಗೆ ಹೋಗಿ ಅಲ್ಲಿಯೂ ಕಲಿತು ಬಂದವನು. 1930ರ ದಶಕದ ಆರಂಭದಲ್ಲಿ ಹಿಂಟನ್ ಆತನ ತಂಡದಲ್ಲಿದ್ದ. ತಾನು ಆಗಬೇಕೆಂದು ಕನಸು ಕಂಡದ್ದು ಏನೋ ಅದೇ ಆಗಿದ್ದ ಮನುಷ್ಯನ ಹಿಂದೆ ನಿಂತು ಬೇಸ್ ನುಡಿಸುವುದು! ಅಸೂಯೆ ಬರಬಹುದಿತ್ತು. ಬಂದದ್ದು ಮರುಕ. ಅಷ್ಟು ವಿದ್ಯೆಯಿದ್ದ ಸೌತ್ ಸಹ ಹೋಟೆಲುಗಳಲ್ಲಿ, ಕ್ಲಬ್ಬುಗಳಲ್ಲಿ ಊಟ ಮಾಡುವವರಿಗಾಗಿ ನುಡಿಸಬೇಕಾಗಿತ್ತು. ಬಿಳಿಯನಾಗಿ ಹುಟ್ಟಿದ್ದರೆ ದೊಡ್ಡ ಸಭಾಂಗಣಗಳಲ್ಲಿ ಇರುತ್ತಿದ್ದ.

1936ರಲ್ಲಿ ಹಿಂಟನ್ ಶಿಕಾಗೊದ ಒಂದು ಕ್ಲಬ್ಬಿನಲ್ಲಿ ಡ್ರಮ್ ವಾದಕ ಝುಟ್ಟಿ ಸಿಂಗಲ್‌ಟನ್ ಜೊತೆ ನುಡಿಸುತ್ತಿದ್ದಾಗ ಕ್ಯಾಬ್ ಕ್ಯಾಲೊವೇ ಬಂದ. ಬಿಳಿ ಕೋಟು ತೊಟ್ಟು, ಕೂದಲು ಹಾರಿಸಿ, ಕುಣಿಕುಣಿದು ಹಾಡುತ್ತಿದ್ದ ಕ್ಯಾಲೊವೇ ಆಗ ದೇಶವಿಡೀ ಮನೆಮಾತು. ಅವನಿಗೊಬ್ಬ ಬೇಸ್ ವಾದಕ ಬೇಕಿತ್ತು. ಆತ ಝುಟ್ಟಿಯನ್ನು ಕೇಳಿದ, ಝುಟ್ಟಿ ಒಪ್ಪಿದ. ಹಿಂಟನ್‌ನನ್ನು ಮಾತ್ರ ಯಾರೂ ಕೇಳಲಿಲ್ಲ! ಸಂತೆಯಲ್ಲಿ ಕರು ಕೈಬದಲಾದ ಹಾಗೆ ನಡೆದುಹೋದ ಆ ವ್ಯವಹಾರವನ್ನು ಆತ ತಮಾಷೆಯಾಗಿಯೇ ಹೇಳುತ್ತಿದ್ದ. ನ್ಯೂಯಾರ್ಕ್ ಮುಟ್ಟಿ ಒಬ್ಬ ಒಳ್ಳೆಯ ಬೇಸ್ ವಾದಕ ಸಿಗುವ ತನಕ ಇವನಿರಲಿ ಎಂಬುದು ಕ್ಯಾಲೊವೇ ಲೆಕ್ಕ. ಆ 'ತಾತ್ಕಾಲಿಕ' ಕೆಲಸ ಸುಮಾರು ಹದಿನೈದು ವರ್ಷ ನಡೆಯಿತು.

ಕ್ಯಾಲೊವೇ ಬಗ್ಗೆ ಹಿಂಟನ್‌ಗಿದ್ದ ಅಭಿಪ್ರಾಯ ಗಮನಿಸುವಂಥದು. ಆತನ ಕುಣಿತ, ಕೂಗಾಟ ನೋಡಿ ಮೂಗು ಮುರಿಯುತ್ತಿದ್ದ ವಾದಕರು ಬೇಕಾದಷ್ಟಿದ್ದರು. ಹಿಂಟನ್ ಹಾಗೆ ಮಾಡಲಿಲ್ಲ. ಆರ್ಥಿಕ ಕುಸಿತದ ದಿನಗಳಲ್ಲಿ ಪ್ರತಿ ವಾರ ಸರಿಯಾಗಿ ಸಂಬಳ ಕೊಟ್ಟ ಯಜಮಾನ ಅವನು. ತಂಡದವರ ಬಟ್ಟೆಯ ಮಡಿಕೆ ಕೂಡ ನೋಡುವಷ್ಟು ಕಟ್ಟುನಿಟ್ಟು. ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಹೋಟೆಲಿನಲ್ಲಿ ಕೋಣೆ ಕೊಡುತ್ತಿರಲಿಲ್ಲವಾದ್ದರಿಂದ ತಂಡಕ್ಕಾಗಿ ಮಲಗುವ ರೈಲುಡಬ್ಬಿಯನ್ನೇ ಬಾಡಿಗೆಗೆ ಹಿಡಿಯುತ್ತಿದ್ದ. ಸಂಗೀತದ ವಿಷಯಕ್ಕೆ ಬಂದರೆ, ತಂಡದವರು ಮುಂದೆ ಬಂದು ತಮ್ಮ ಕೈಚಳಕ ತೋರಿಸಲು ಅವಕಾಶ ಕಡಿಮೆ. ಎಲ್ಲವೂ ನಾಯಕನ ಹಾಡಿಗೆ ಹಿನ್ನೆಲೆ. ಇದನ್ನೂ ಹಿಂಟನ್ ಮುಚ್ಚಿಡುವುದಿಲ್ಲ.

ಈ ಸ್ಥಿತಿಯನ್ನು ಬದಲಿಸಿದವನು ಚೂ ಬೆರ್ರಿ. 1937ರಲ್ಲಿ ಬೆನ್ ವೆಬ್‌ಸ್ಟರ್ ತಂಡ ಬಿಟ್ಟಾಗ ಆತನ ಜಾಗಕ್ಕೆ ಬಂದ ಸ್ಯಾಕ್ಸೊಫೋನ್ ವಾದಕ. ಈ ತಂಡದಲ್ಲಿ ಇಷ್ಟು ಒಳ್ಳೆಯ ವಾದಕರಿದ್ದಾರೆ, ಇವರಿಗೂ ಸ್ವಲ್ಪ ನುಡಿಸಲು ಕೊಡಿ ಎಂದು ನಾಯಕನಿಗೇ ಹೇಳುವ ಧೈರ್ಯ ಅವನಿಗಿತ್ತು. ಕ್ಯಾಲೊವೇ ಕೇಳಿದ ಕೂಡ. ಹೊಸ ಕೃತಿಗಳು ಬಂದವು. 1939ರಲ್ಲಿ ಹಿಂಟನ್‌ನ ಬೇಸನ್ನೇ ಮುಂದಿಟ್ಟ ಧ್ವನಿಮುದ್ರಣವೂ ಆಯಿತು. ತನಗಾಗಿ ಮಾತ್ರ ಕೇಳದೆ ಎಲ್ಲರ ಪರವಾಗಿ ಕೇಳಿದ ಎಂಬುದಕ್ಕೇ ಹಿಂಟನ್ ಚೂ ಬೆರ್ರಿಯನ್ನು ಕೊನೆಯವರೆಗೂ ನೆನೆದದ್ದು. ಚೂ ಹೆಚ್ಚು ದಿನ ಬಾಳಲಿಲ್ಲ. 1941ರ ಅಕ್ಟೋಬರ್‌ನಲ್ಲಿ ಒಹಾಯೊ ರಾಜ್ಯದಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ತೀರಿಕೊಂಡ. ವಯಸ್ಸು 33.

1939ರಲ್ಲಿ ತಂಡಕ್ಕೆ ಮತ್ತೊಬ್ಬ ಬಂದ. ಇಪ್ಪತ್ತೊಂದರ ತರುಣ, ಟ್ರಂಪೆಟ್ ವಾದಕ, ಒಂದು ನಿಮಿಷ ಸುಮ್ಮನೆ ಕೂರದ ಕಪಿಚೇಷ್ಟೆಯವನು: ಡಿಜ್ಜಿ ಗಿಲ್ಲೆಸ್ಪಿ. ಮುಂದೆ ಚಾರ್ಲಿ ಪಾರ್ಕರ್ ಜೊತೆ ಸೇರಿ ಜಾಝ್ ಸಂಗೀತದ ದಿಕ್ಕನ್ನೇ ಬದಲಿಸಿದವನು ಈತ. ಆಗಿನ್ನೂ ಆತನ ತಲೆಯಲ್ಲಿದ್ದುದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಕ್ಯಾಲೊವೇಗಂತೂ ಅದು ಕಿವಿಗೆ ಹಿತವಾಗದ 'ಚೀನೀ ಸಂಗೀತ'. ಹಿಂಟನ್ ಡಿಜ್ಜಿಗಿಂತ ಏಳು ವರ್ಷ ದೊಡ್ಡವನು, ಕೆಲಸ ಗಟ್ಟಿಯಾಗಿದ್ದವನು. ಹೊಸದನ್ನು ಕಲಿಯುವ ಗರಜು ಅವನಿಗೇನೂ ಇರಲಿಲ್ಲ. ಆದರೂ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ಒಂದು ಪ್ರದರ್ಶನಕ್ಕೂ ಮತ್ತೊಂದಕ್ಕೂ ನಡುವೆ, ಇತರರು ಎಲೆ ಆಡುತ್ತಿದ್ದಾಗ, ಇವರಿಬ್ಬರೂ ಆ ದೈತ್ಯ ವಾದ್ಯವನ್ನು ಇಕ್ಕಟ್ಟಿನ ಮೆಟ್ಟಿಲುಗಳಲ್ಲಿ ಒಬ್ಬ ಎಳೆದು ಒಬ್ಬ ತಳ್ಳಿ ತಾರಸಿಗೆ ಏರಿಸುತ್ತಿದ್ದರು. ಅಲ್ಲಿ ಆಕಾಶದ ಕೆಳಗೆ ಡಿಜ್ಜಿ ಹೊಸ ಸ್ವರಗುಚ್ಛಗಳನ್ನು ಹೇಳಿಕೊಡುತ್ತಿದ್ದ, ದೊಡ್ಡವನು ಕಲಿಯುತ್ತಿದ್ದ. ಕಿರಿಯನಿಂದ ಕಲಿತೆನೆಂದು ಹೇಳಿಕೊಳ್ಳಲು ಹಿಂಟನ್‌ಗೆ ಎಂದೂ ಸಂಕೋಚವಾಗಲಿಲ್ಲ.

1941ರ ಸೆಪ್ಟೆಂಬರ್‌ನಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಪ್ರದರ್ಶನ ನಡೆದಿತ್ತು. ತಂಡದಿಂದ ನಾಲ್ವರು ಮುಂದೆ ಬಂದು ನುಡಿಸುವ ಭಾಗ. ಹಿಂಟನ್ ಒಬ್ಬನೇ ನುಡಿಸಬೇಕಾದ ಕಡೆ ಡಿಜ್ಜಿ ಕಲಿಸಿದ್ದನ್ನು ಪ್ರಯೋಗಿಸಿದ. ಒಂದು ಸ್ವರ ಜಾರಿತು. ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಗುರುಗಳು ಮೂಗು ಹಿಡಿದುಕೊಂಡು ಕೂತಿದ್ದಾರೆ! ಸರಿಯಾಗಿ ಅದೇ ಹೊತ್ತಿಗೆ, ಎಂಜಲಲ್ಲಿ ನೆನೆಸಿದ ಕಾಗದದ ಉಂಡೆಯೊಂದು ಹಾರಿಬಂದು ವೇದಿಕೆಯ ಬೆಳಕಿನಲ್ಲಿ ಬಿತ್ತು. ತೆರೆಯ ಮರೆಯಲ್ಲಿ ನಿಂತಿದ್ದ ಕ್ಯಾಲೊವೇ ಅದನ್ನು ಕಂಡ. ತರಲೆ ಎಂದರೆ ಡಿಜ್ಜಿ, ಇನ್ನಾರು? ಪ್ರದರ್ಶನ ಮುಗಿದೊಡನೆ ತರಾಟೆಗೆ ತೆಗೆದುಕೊಂಡ. ನಾನಲ್ಲ ಎಂದ ಡಿಜ್ಜಿ. ಮಾತಿಗೆ ಮಾತು ಬೆಳೆದು, ಕೈಗೆ ಕೈ ಹತ್ತಿ, ಡಿಜ್ಜಿ ಚೂರಿ ತೆಗೆದ. ಹತ್ತಿರದಲ್ಲೇ ಇದ್ದ ಹಿಂಟನ್ ಆ ಕೈಯನ್ನು ತಟ್ಟಿ ಬದಿಗೆ ಸರಿಸಿದ. ಇಲ್ಲದಿದ್ದರೆ ಏನಾಗುತ್ತಿತ್ತೊ. ಕ್ಯಾಲೊವೇಗೆ ಗಾಯವಾಯಿತು, ಪ್ರಾಣಕ್ಕೆ ಅಪಾಯವಾಗಲಿಲ್ಲ. ಡಿಜ್ಜಿಯ ಕೆಲಸ ಅಂದೇ ಹೋಯಿತು.

ಉಂಡೆ ಎಸೆದವನು ಡಿಜ್ಜಿ ಅಲ್ಲವೇ ಅಲ್ಲ, ಇನ್ನೊಬ್ಬ ಟ್ರಂಪೆಟ್ ವಾದಕ ಜೋನಾ ಜೋನ್ಸ್. ಹಿಂಟನ್ ಮುಂದೆ ಈ ಘಟನೆಯನ್ನು ಕೇಳಿದವರಿಗೆಲ್ಲ ವಿವರವಾಗಿ ಹೇಳಿದ. ಹೇಳುವಾಗ ಯಾರನ್ನೂ ಖಳನನ್ನಾಗಿ ಮಾಡಲಿಲ್ಲ. ಡಿಜ್ಜಿ ಮಾಡದ ತಪ್ಪಿಗೆ ಬೈಗುಳ ತಿಂದ, ಆದರೆ ಚೂರಿ ತೆಗೆದವನು ಅವನೇ. ಕ್ಯಾಲೊವೇ ವಿಚಾರಿಸದೆ ಮೇಲೆರಗಿದ, ಆದರೆ ಅದುವರೆಗಿನ ಡಿಜ್ಜಿಯ ಚೇಷ್ಟೆಗಳನ್ನು ಸಹಿಸಿಕೊಂಡವನೂ ಅವನೇ. ಜೋನಾ ಜೋನ್ಸ್ ಸಹ ಕೇಡು ಬಗೆದವನಲ್ಲ, ಆಟಕ್ಕೆ ಎಸೆದವನು. ತರಗತಿಯಲ್ಲಿ ಯಾರೋ ಕಾಗದ ಎಸೆದು ಇನ್ಯಾರೋ ಪೆಟ್ಟು ತಿಂದದ್ದನ್ನು ನೋಡಿದ ಯಾವ ವಿದ್ಯಾರ್ಥಿಗೂ ಈ ಕತೆ ಅಪರಿಚಿತವಲ್ಲ. ಡಿಜ್ಜಿಯೂ ಕ್ಯಾಲೊವೇಯೂ ಕೊನೆಗೆ ರಾಜಿಯಾದರು. ಇಬ್ಬರಿಗೂ ಹಿಂಟನ್ ಜೀವನವಿಡೀ ಸ್ನೇಹಿತನಾಗಿಯೇ ಉಳಿದ.

ರೈಲಿನ ಬದುಕಿನ ನೆನಪುಗಳಲ್ಲಿ ಹೆಂಡತಿ ಮೋನಾ ಬಾರದ ಪುಟವಿಲ್ಲ. ಕ್ಯಾಲೊವೇ ತಂಡದೊಂದಿಗೆ ಊರೂರು ತಿರುಗಿದ ಹೆಂಡತಿ ಆಕೆಯೊಬ್ಬಳೇ. ಹೊಸ ಊರು ತಲುಪಿದೊಡನೆ ಕರಿಯರ ಕೇರಿಗೆ ಹೋಗಿ, ಯಾರ ಮನೆಯಲ್ಲಿ ಕೋಣೆ ಸಿಕ್ಕೀತು ಎಂದು ವಾದಕರಿಗಾಗಿ ವಿಚಾರಿಸುತ್ತಿದ್ದವಳು ಆಕೆ. ಜಾಝ್ ಚರಿತ್ರೆಯ ದಪ್ಪ ಪುಸ್ತಕಗಳಲ್ಲಿ ಇಂಥ ಕೆಲಸಕ್ಕೆ ಜಾಗ ಕಡಿಮೆ.

ಇನ್ನು ಕ್ಯಾಮೆರಾ. ಹಿಂಟನ್‌ನ 25ನೆಯ ಹುಟ್ಟುಹಬ್ಬಕ್ಕೆ, 1935ರಲ್ಲಿ, ಯಾರೋ ಒಂದು 35 ಎಂ.ಎಂ. ಕ್ಯಾಮೆರಾ ಕೊಟ್ಟರು. ಅಂದಿನಿಂದ ಅದು ಬೇಸಿನಂತೆಯೇ ಆತನ ಜೊತೆಯಾಯಿತು. ಛಾಯಾಗ್ರಾಹಕರು ಬಂದರೆ ವಾದಕರು ನಗು ತಂದುಕೊಂಡು ನಿಲ್ಲುತ್ತಾರೆ. ಹಿಂಟನ್ ಅವರಲ್ಲೊಬ್ಬ, ಅವನ ಮುಂದೆ ಯಾರೂ ಹಾಗೆ ನಿಲ್ಲಲಿಲ್ಲ. ರೈಲಿನಲ್ಲಿ ಬಾಯಿ ತೆರೆದು ನಿದ್ದೆ ಹೋದವರು, ಊಟ ಮಾಡುತ್ತಿರುವವರು, ಸ್ಟುಡಿಯೊ ಮೂಲೆಯಲ್ಲಿ ಒಬ್ಬರೇ ಕೂತವರು ಆತನ ಚಿತ್ರಗಳಲ್ಲಿದ್ದಾರೆ. 1940ರ ಸುಮಾರಿಗೆ ತೆಗೆದ ಒಂದು ಚಿತ್ರದಲ್ಲಿ, ಅಟ್ಲಾಂಟಾ ರೈಲು ನಿಲ್ದಾಣದ 'ಕರಿಯರ ಪ್ರವೇಶ' ಎಂಬ ಫಲಕದ ಕೆಳಗೆ ಒಳ್ಳೆಯ ಸೂಟು ತೊಟ್ಟ ವಾದಕರು ನಿಂತಿದ್ದಾರೆ. ದೇಶವೇ ಕುಣಿಯುವಂತೆ ನುಡಿಸಿದವರು ಹಿತ್ತಿಲ ಬಾಗಿಲಿನಿಂದ ಒಳಹೋಗಬೇಕಿತ್ತು. ಅದರ ಬಗ್ಗೆ ಒಂದು ಪುಟ ಬರೆಯುವುದಕ್ಕಿಂತ ಆ ಚಿತ್ರ ಸಾಕು.

ದೊಡ್ಡ ತಂಡಗಳ ಕಾಲ ಮುಗಿದು, 1950ರ ದಶಕ ಶುರುವಾಗುವಾಗ ಹಿಂಟನ್ ಕೆಲಸ ಹುಡುಕುತ್ತಿದ್ದ. ಮನೆಯಲ್ಲಿ ಚಿಕ್ಕ ಮಗಳು. ನ್ಯೂಯಾರ್ಕಿನ ಧ್ವನಿಮುದ್ರಣ ಸ್ಟುಡಿಯೊಗಳಲ್ಲಿ ಬೇಕಾದಷ್ಟು ಕೆಲಸವಿತ್ತು, ಆದರೆ ಅದೆಲ್ಲ ಬಹುತೇಕ ಬಿಳಿಯರದು. ಒಂದು ದಿನ ಬೀದಿಯಲ್ಲಿ ಹಳೆಯ ಪರಿಚಯದ ಹಾಸ್ಯನಟ ಜಾಕಿ ಗ್ಲೀಸನ್ ಸಿಕ್ಕಿದ. ಗ್ಲೀಸನ್ ಆಗ ತನ್ನ ಹೆಸರಿನಲ್ಲಿ ಸಂಗೀತದ ತಟ್ಟೆಗಳನ್ನೂ ಹೊರತರುತ್ತಿದ್ದ. ಇವನನ್ನು ಮುದ್ರಣಕ್ಕೆ ಸೇರಿಸಿ ಎಂದು ತನ್ನವರಿಗೆ ಹೇಳಿದ. ವಾದಕರು ಈಗಾಗಲೇ ಗೊತ್ತಾಗಿದ್ದಾರೆ ಎಂಬ ಗೊಣಗಾಟಕ್ಕೆ ಕಿವಿಗೊಡಲಿಲ್ಲ. ಒಮ್ಮೆ ಒಳಗೆ ಕಾಲಿಟ್ಟ ಮೇಲೆ ಹಿಂಟನ್ ಆ ಬಾಗಿಲು ಮತ್ತೆ ಮುಚ್ಚಲು ಬಿಡಲಿಲ್ಲ. ಹೇಳಿದ ಹೊತ್ತಿಗಿಂತ ಮೊದಲೇ ಬರುವವನು, ಕೊಟ್ಟದ್ದನ್ನು ಓದಿ ನುಡಿಸುವವನು, ಸಿಡುಕದವನು. ನಡುವೆ 1953–54ರಲ್ಲಿ ಕೆಲವು ಕಾಲ, ಬಾಲ್ಯದಲ್ಲಿ ವೆಂಡಮ್ ಚಿತ್ರಮಂದಿರದಲ್ಲಿ ಕೇಳಿದ್ದ ಅದೇ ಆರ್ಮ್‌ಸ್ಟ್ರಾಂಗ್‌ನ ಹಿಂದೆ ನಿಂತದ್ದೂ ಉಂಟು. ಆದರೆ ಊರೂರು ತಿರುಗುವ ಆ ಕೆಲಸ ಬಿಟ್ಟು ಮತ್ತೆ ಸ್ಟುಡಿಯೊಗೆ ಮರಳಿದ. ಒಂದೇ ದಿನ ಮೂರು ಕಡೆ ಮುದ್ರಣ. ವಾದ್ಯ ಹೊತ್ತು ಓಡಾಡಲು ಸಮಯವಿಲ್ಲದೆ ಬೇರೆ ಬೇರೆ ಕಡೆ ಬೇರೆ ಬೇರೆ ಬೇಸ್ ಇಟ್ಟಿರುತ್ತಿದ್ದ. ಡ್ರಮ್ಮಿಗೆ ಓಸಿ ಜಾನ್ಸನ್, ಪಿಯಾನೊಗೆ ಹ್ಯಾಂಕ್ ಜೋನ್ಸ್, ಗಿಟಾರಿಗೆ ಬ್ಯಾರಿ ಗಾಲ್‌ಬ್ರೆತ್, ಜೊತೆಗೆ ಹಿಂಟನ್. ಈ ನಾಲ್ವರು ಸೇರಿದರೆ ಹಾಡುವವರು ಯಾರಾದರೂ ನಡೆಯುತ್ತದೆ ಎಂಬ ಮಾತಿತ್ತು. ತಟ್ಟೆಗಳ ಮೇಲೆ ಎಷ್ಟೋ ಸಲ ಇವರ ಹೆಸರೇ ಇರುತ್ತಿರಲಿಲ್ಲ.

1959ರ ಮಾರ್ಚಿನಲ್ಲಿ ಬಿಲ್ಲಿ ಹಾಲಿಡೇ ತನ್ನ ಕೊನೆಯ ಆಲ್ಬಮ್ಮಿಗೆ ಹಾಡಿದಾಗಲೂ ಬೇಸ್ ಹಿಡಿದವನು ಹಿಂಟನ್. 1936ರಲ್ಲೇ, ಆಕೆ ಇಪ್ಪತ್ತೊಂದರ ಹುಡುಗಿಯಾಗಿದ್ದಾಗ, ಆಕೆಯ ಹಾಡುಗಳಿಗೆ ನುಡಿಸಿದ್ದವನು. ಇಪ್ಪತ್ತಮೂರು ವರ್ಷದ ಮೇಲೆ ಎದುರಿಗೆ ನಿಂತವಳ ಮೈಯಲ್ಲಿ ಏನೂ ಉಳಿದಿರಲಿಲ್ಲ. ಕುಡಿತ, ಮಾದಕ ವಸ್ತು, ಜೈಲು, ಅವಮಾನ ಎಲ್ಲ ಸೇರಿ ಆಕೆಯನ್ನು ತಿಂದುಹಾಕಿದ್ದವು. ಹಿಂಟನ್ ಅಲ್ಲಿಯೂ ಚಿತ್ರ ತೆಗೆದ. ಮುದ್ರಣವಾದದ್ದನ್ನು ಮರಳಿ ಕೇಳುತ್ತಿರುವ ಬಿಲ್ಲಿಯ ಮುಖ ಅವುಗಳಲ್ಲಿದೆ. ನೋಡುವುದು ಕಷ್ಟ. ನಾಲ್ಕು ತಿಂಗಳಲ್ಲಿ ಆಕೆ ತೀರಿಕೊಂಡಳು. ಬಿಲ್ಲಿಯ ಚಟಗಳ ಬಗ್ಗೆ ರಂಜಿಸಿ ಬರೆದು ದುಡ್ಡು ಮಾಡಿದವರು ಬಹಳ ಜನ. ಅವರೆಲ್ಲರಿಗಿಂತ ಹತ್ತಿರದಿಂದ ಕಂಡ ಹಿಂಟನ್ ಆ ದಾರಿ ಹಿಡಿಯಲಿಲ್ಲ.

ತನ್ನದೇ ವಾದ್ಯದ ಪ್ರತಿಸ್ಪರ್ಧಿಗಳ ಬಗ್ಗೆ ಮಾತನಾಡುವಾಗ ಕಲಾವಿದರ ನಿಜವಾದ ಬಣ್ಣ ಹೊರಬೀಳುತ್ತದೆ. ಡ್ಯೂಕ್ ಎಲಿಂಗ್ಟನ್ ತಂಡಕ್ಕೆ 1939ರಲ್ಲಿ ಬಂದ ಜಿಮ್ಮಿ ಬ್ಲಾಂಟನ್ ಎಂಬ ಹುಡುಗ ಎರಡೇ ವರ್ಷದಲ್ಲಿ ಬೇಸ್ ನುಡಿಸುವ ಕ್ರಮವನ್ನೇ ಬದಲಿಸಿ, 1942ರಲ್ಲಿ ಕ್ಷಯದಿಂದ, ಇಪ್ಪತ್ತಮೂರನೆಯ ವಯಸ್ಸಿಗೆ ಸತ್ತ. ಅದೇ ಕಾಲದಲ್ಲಿ ಅದಕ್ಕೆ ಸಮನಾದ ತಂಡದಲ್ಲಿ ಬೇಸ್ ನುಡಿಸುತ್ತಿದ್ದ ಹಿಂಟನ್‌ಗೆ, ನಾನೂ ಅದನ್ನು ಮಾಡುತ್ತಿದ್ದೆ ಎನ್ನಲು ಅವಕಾಶವಿತ್ತು. ಆತ ಹಾಗೆನ್ನದೆ ಬ್ಲಾಂಟನ್‌ಗೆ ಸಲ್ಲಬೇಕಾದುದನ್ನು ಸಲ್ಲಿಸಿದ. ತನಗಿಂತ ಹಿಂದಿನ ನ್ಯೂ ಆರ್ಲಿಯನ್ಸ್ ವಾದಕರು ತಂತಿಯನ್ನು ಎಳೆದು ಮರಕ್ಕೆ ಬಡಿಯುವಂತೆ ನುಡಿಸುತ್ತಿದ್ದ ಹಳೆಯ ರೀತಿಯನ್ನೂ ಬಿಡಲಿಲ್ಲ. ಇತರರು ಅದನ್ನು ಹಳೆಯ ಕಾಲದ್ದೆಂದು ಕೈಬಿಟ್ಟ ಮೇಲೂ ಕಲಿಸುತ್ತ ಹೋದ.

ಸುಮಾರು 60,000 ಚಿತ್ರಗಳ ನೆಗೆಟಿವ್‌ಗಳು ದಶಕಗಳ ಕಾಲ ಮನೆಯಲ್ಲೇ ಬಿದ್ದಿದ್ದವು. ಡೇವಿಡ್ ಬರ್ಗರ್ ಅವುಗಳನ್ನು ವಿಂಗಡಿಸಲು ಕುಳಿತ ಮೇಲೆಯೇ ಲೋಕಕ್ಕೆ ಅವುಗಳ ಬೆಲೆ ತಿಳಿದದ್ದು. 1980ರ ದಶಕದಲ್ಲಿ ಪ್ರದರ್ಶನಗಳಾದವು. 1958ರ ಆಗಸ್ಟ್‌ನ ಒಂದು ಬೆಳಿಗ್ಗೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 57 ಜಾಝ್ ವಾದಕರು ಒಂದು ಮನೆಯ ಮೆಟ್ಟಿಲ ಮೇಲೆ ನಿಂತು ತೆಗೆಸಿಕೊಂಡ ಪ್ರಸಿದ್ಧ ಚಿತ್ರ ಆರ್ಟ್ ಕೇನ್ ಎಂಬಾತನದು. ಅಂದು ಆ ಗುಂಪಿನಲ್ಲಿ ಹಿಂಟನ್ ಕೂಡ ಇದ್ದ. ಕ್ಯಾಮೆರಾ ಆತನ ಕೈಯಲ್ಲಿ, ಪುಟ್ಟ ಸಿನಿಮಾ ಕ್ಯಾಮೆರಾ ಮೋನಾಳ ಕೈಯಲ್ಲಿ. ಬಹಳ ದಿನಕ್ಕೆ ಭೇಟಿಯಾದವರು ತಬ್ಬಿಕೊಳ್ಳುವುದು, ಹರಟುವುದು, ಸಾಲಿನಲ್ಲಿ ನಿಲ್ಲಿ ಎಂದರೆ ನಿಲ್ಲದೆ ಓಡಾಡುವುದು, ಎಲ್ಲ ಗಂಡ ಹೆಂಡಿರ ಪಾಲಾಯಿತು. ಆ ದಿನವನ್ನು ಕುರಿತು ಜೀನ್ ಬಾಕ್ 1994ರಲ್ಲಿ ಮಾಡಿದ ಸಾಕ್ಷ್ಯಚಿತ್ರಕ್ಕೆ ಅದೇ ಜೀವ.

ವಯಸ್ಸಾದ ಮೇಲೆ ನ್ಯೂಯಾರ್ಕಿನ ಹಂಟರ್ ಮತ್ತು ಬರೂಕ್ ಕಾಲೇಜುಗಳಲ್ಲಿ ಹಿಂಟನ್ ಪಾಠ ಹೇಳಿದ. 1988ರಲ್ಲಿ, 77ರ ವಯಸ್ಸಿನಲ್ಲಿ, ತನಗಿಂತ ಐವತ್ತು ವರ್ಷ ಚಿಕ್ಕವನಾದ ಸ್ಯಾಕ್ಸೊಫೋನ್ ವಾದಕ ಬ್ರಾನ್‌ಫರ್ಡ್ ಮಾರ್ಸಲಿಸ್ ಜೊತೆ 'ಟ್ರಿಯೊ ಜೀಪಿ' ಎಂಬ ಮುದ್ರಣಕ್ಕೆ ನುಡಿಸಿದ. ಪಿಯಾನೊ ಇಲ್ಲ, ಗಿಟಾರ್ ಇಲ್ಲ, ಮೂವರೇ. ತಂಡಕ್ಕೆ ನೆಲ ಹಾಕಿಕೊಡುವ ಭಾರ ಪೂರ್ತಿ ಮುದುಕನ ಮೇಲೆ. ಒಮ್ಮೆ ಕೇಳಿ ನೋಡಬೇಕು. ಅಲ್ಲಿ ಹುಡುಗನಂತೆ ಆಡುತ್ತಿರುವವನು ಯಾರೆಂದು ತಟ್ಟನೆ ಹೇಳಲಾಗದು.

2000ದ ಡಿಸೆಂಬರ್ 19ರಂದು ನ್ಯೂಯಾರ್ಕಿನಲ್ಲಿ ಹಿಂಟನ್ ತೀರಿಕೊಂಡ. ವಯಸ್ಸು 90. ಆತನ ಕಾಗದ ಪತ್ರಗಳೂ ಬೇಸ್‌ಗಳೂ ಒಹಾಯೊದ ಓಬರ್ಲಿನ್ ಕಾಲೇಜನ್ನು ಸೇರಿವೆ. ಅಲ್ಲಿ 2014ರಲ್ಲಿ ಬೇಸ್ ಕಲಿಯುವ ಹುಡುಗ ಹುಡುಗಿಯರಿಗಾಗಿ ಆತನ ಹೆಸರಿನ ಬೇಸಿಗೆ ಶಿಬಿರ ಆರಂಭವಾಯಿತು.